ಬಸ್ಕಿಯ ಮೂಲಕ ಕಾಲಿನ ಸ್ನಾಯುಗಳ ಪಾಠ

ಒಂಬತ್ತನೆಯ ತರಗತಿಯ ‘ಅಂಗಾಂಶಗಳು’ ಪಾಠದಲ್ಲಿ ಸ್ನಾಯು ಅಂಗಾಂಶದ ಪರಿಚಯ ಬರುತ್ತದೆ. ಚಿತ್ರ ಬರೆದು ಭಾಗಗಳನ್ನು ಗುರುತಿಸಿದರೆ ಅಂಕ ಸಿಗುತ್ತದೆ. ಆದರೆ ಆ ಅಂಗಾಂಶ ತನ್ನ ಕಾಲಲ್ಲೇ ದುಡಿಯುತ್ತಿದೆ ಎಂಬುದು ಮಗುವಿನ ಅನುಭವಕ್ಕೆ ಬರುವುದು ಅಪರೂಪ. ಹಾಗಾಗಿ ಅಭ್ಯಾಸ ಬೋಧನೆಯಲ್ಲಿ ಈ ಭಾಗಕ್ಕೆ ಬಸ್ಕಿಯನ್ನೇ ಚಟುವಟಿಕೆಯಾಗಿ ಆರಿಸಿಕೊಂಡೆ. “ಬಸ್ಕಿ ಯಾವಾಗ ಹೊಡೆಯುತ್ತೀರಿ?” ಎಂಬ ಪೀಠಿಕಾ ಪ್ರಶ್ನೆಗೆ ಬಂದ ಮೊದಲ ಉತ್ತರ: “ಹೋಂವರ್ಕ್ ಮಾಡದಿದ್ದಾಗ, ಮಿಸ್.” ಒಳ್ಳೆಯ ವ್ಯಾಯಾಮವೊಂದು ಮಕ್ಕಳ ಮನಸ್ಸಿನಲ್ಲಿ ಅವಮಾನದ ಜೊತೆ ಗಂಟು ಬಿದ್ದಿದೆ. ಅದನ್ನು ಬಿಡಿಸುವುದೂ ವಿಜ್ಞಾನ ಶಿಕ್ಷಕರ ಕೆಲಸವೇ.

ಮೊದಲು ವಿಷಯ. ಸ್ನಾಯು ಎಳೆಯಬಲ್ಲದು, ತಳ್ಳಲಾರದು. ಆದ್ದರಿಂದ ಕೀಲಿನ ಎರಡೂ ಬದಿಗೆ ಸ್ನಾಯುಗಳು ಬೇಕು. ತೊಡೆಯ ಮುಂಭಾಗದಲ್ಲಿ ನಾಲ್ಕು ಸ್ನಾಯುಗಳ ಗುಂಪು (ಕ್ವಾಡ್ರಿಸೆಪ್ಸ್) ಇದ್ದು, ಅದು ಮಂಡಿಯನ್ನು ನೇರ ಮಾಡುತ್ತದೆ. ಹಿಂಭಾಗದ ಮೂರು ಸ್ನಾಯುಗಳ ಗುಂಪು (ಹ್ಯಾಮ್‌ಸ್ಟ್ರಿಂಗ್) ಮಂಡಿಯನ್ನು ಮಡಿಸುತ್ತದೆ. ಪೃಷ್ಠದ ದೊಡ್ಡ ಸ್ನಾಯು ಸೊಂಟದ ಕೀಲನ್ನು ನೇರ ಮಾಡಿ ನಮ್ಮನ್ನು ಎಬ್ಬಿಸಿ ನಿಲ್ಲಿಸುತ್ತದೆ. ಮೀನಖಂಡದ ಸ್ನಾಯುಗಳು ಹಿಮ್ಮಡಿಯನ್ನು ಎತ್ತುವುದರ ಜೊತೆಗೆ, ಪ್ರತಿ ಹೆಜ್ಜೆಯಲ್ಲೂ ಕಾಲಿನ ಅಭಿಧಮನಿಗಳನ್ನು ಒತ್ತಿ ರಕ್ತವನ್ನು ಹೃದಯದ ಕಡೆಗೆ ಮೇಲಕ್ಕೆ ಕಳುಹಿಸುತ್ತವೆ. ಅಭಿಧಮನಿಯ ಕವಾಟಗಳು ಅದು ಹಿಂದಕ್ಕೆ ಇಳಿಯದಂತೆ ತಡೆಯುತ್ತವೆ. ದಿನವಿಡೀ ಕರಿಹಲಗೆಯ ಮುಂದೆ ಒಂದೇ ಕಡೆ ನಿಲ್ಲುವ ನಮ್ಮ ಕಾಲು ಸಂಜೆಗೆ ಭಾರವಾಗುವುದಕ್ಕೆ ಈ ಪಂಪು ಸುಮ್ಮನಿರುವುದೂ ಒಂದು ಕಾರಣ. ತರಗತಿಯಲ್ಲಿ ಓಡಾಡುತ್ತಾ ಪಾಠ ಮಾಡುವುದು ಮಕ್ಕಳಿಗಷ್ಟೇ ಅಲ್ಲ, ನಮಗೂ ಹಿತ.

ಇನ್ನು ಚಟುವಟಿಕೆ. ಮಕ್ಕಳು ಬೆಂಚಿನ ಮುಂದೆ ನಿಂತು, ತೊಡೆಯ ಮೇಲೆ ಅಂಗೈ ಇಟ್ಟುಕೊಂಡು, ನಿಧಾನವಾಗಿ ಕುಳಿತು ಏಳಬೇಕು. ಏಳುವಾಗ ಸ್ನಾಯು ಗಟ್ಟಿಯಾಗುವುದನ್ನು ಎಲ್ಲರೂ ಗುರುತಿಸುತ್ತಾರೆ. “ಕೂರುವಾಗ?” ಎಂದು ಕೇಳಿದರೆ ಹಲವರು “ಮೆತ್ತಗಿರುತ್ತದೆ” ಎಂದು ಊಹಿಸುತ್ತಾರೆ. ಮತ್ತೆ ಮಾಡಿ ನೋಡಿದಾಗ ಆಗಲೂ ಗಟ್ಟಿಯಾಗಿರುವುದು ಕೈಗೆ ತಿಳಿಯುತ್ತದೆ. ದೇಹ ಧೊಪ್ಪನೆ ಬೀಳದಂತೆ ಸ್ನಾಯು ಉದ್ದವಾಗುತ್ತಲೇ ಹಿಡಿತ ಕೊಡುತ್ತಿರುತ್ತದೆ. ಸ್ನಾಯು ಮೋಟಾಗುವಾಗ ಮಾತ್ರ ಕೆಲಸ ಮಾಡುತ್ತದೆ ಎಂಬ ತಪ್ಪು ಕಲ್ಪನೆ ಇಲ್ಲಿ ಸರಿಹೋಗುತ್ತದೆ. ಬಳಿಕ ಕುಳಿತು, ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಹಿಂದಕ್ಕೆ ಎಳೆಯಲು ಹೇಳಿದರೆ, ಮಂಡಿಯ ಹಿಂದೆ ಹುರಿಯಂಥ ಸ್ನಾಯುರಜ್ಜುಗಳು ಬೆರಳಿಗೆ ಸಿಗುತ್ತವೆ.

ಬಲ ಬರುವುದು ಕ್ರಮದಿಂದ. ಸ್ನಾಯುವಿಗೆ ರೂಢಿಗಿಂತ ತುಸು ಹೆಚ್ಚು ಕೆಲಸ, ನಂತರ ವಿಶ್ರಾಂತಿ, ಜೊತೆಗೆ ಆಹಾರ ಸಿಕ್ಕರೆ ಅದು ಬಲಗೊಳ್ಳುತ್ತದೆ. ಬೆಂಚಿನ ಎತ್ತರದವರೆಗೆ 8ರಿಂದ 10 ಬಸ್ಕಿ, ಗೋಡೆ ಹಿಡಿದು 10 ಸಲ ಹಿಮ್ಮಡಿ ಎತ್ತುವುದು, ಒಂದು ದಿನ ಬಿಟ್ಟು ಒಂದು ದಿನ: ಆರಂಭಕ್ಕೆ ಇಷ್ಟು ಸಾಕು. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಚಟುವಟಿಕೆಯಿಂದಿರಬೇಕು, ವಾರಕ್ಕೆ ಕನಿಷ್ಠ 3 ದಿನ ಅದರಲ್ಲಿ ಸ್ನಾಯು ಮತ್ತು ಮೂಳೆ ಬಲಪಡಿಸುವ ಚಟುವಟಿಕೆ ಸೇರಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಮಂಡಿ ನೋವಿರುವ ಮಗುವನ್ನು ವೀಕ್ಷಕನನ್ನಾಗಿ ಮಾಡಬಹುದು. ಸ್ಕರ್ಟ್ ಧರಿಸುವ ಹೆಣ್ಣುಮಕ್ಕಳಿಗೆ ಮುಜುಗರವಾಗದಂತೆ ಪ್ರತ್ಯೇಕ ಗುಂಪು ಮಾಡುವುದನ್ನು ಪಾಠಯೋಜನೆಯಲ್ಲೇ ಬರೆದುಕೊಳ್ಳಬೇಕು.

ಶಿಕ್ಷೆಯಾಗಿ ಹೊಡೆಸುವ ಬಸ್ಕಿಯಲ್ಲಿ ಈ ಕ್ರಮ ಯಾವುದೂ ಇರುವುದಿಲ್ಲ. ಅಭ್ಯಾಸವಿಲ್ಲದ ಮಗುವಿಗೆ ಒಮ್ಮೆಲೇ ನೂರು ಬಸ್ಕಿ ಹೊಡೆಸಿದರೆ ಸ್ನಾಯುತಂತುಗಳು ಒಡೆದು, ಅವುಗಳ ಪ್ರೋಟೀನು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹಾನಿಯಾಗುವ ಅಪಾಯವಿದೆ. ಬಸ್ಕಿಯ ನಂತರ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಕಾನೂನೂ ಸ್ಪಷ್ಟವಾಗಿದೆ: 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಪ್ರಶಿಕ್ಷಣಾರ್ಥಿಗಳಾದ ನಾವು ಶಾಲೆಯ ಪದ್ಧತಿಯನ್ನು ಬದಲಿಸಲಾರೆವು ಎನಿಸಬಹುದು. ನಮ್ಮ 40 ನಿಮಿಷದ ಅವಧಿಯಂತೂ ನಮ್ಮ ಕೈಯಲ್ಲಿದೆ.

ಮೌಲ್ಯಮಾಪನಕ್ಕೆ ಒಂದು ಪ್ರಶ್ನೆ ಸೂಚಿಸುತ್ತೇನೆ: “ಮೆಟ್ಟಿಲು ಇಳಿಯುವಾಗ ತೊಡೆಯ ಯಾವ ಬದಿಯ ಸ್ನಾಯು ಹೆಚ್ಚು ದುಡಿಯುತ್ತದೆ? ಏಕೆ?” ‘ಮುಂಬದಿಯದು, ದೇಹವನ್ನು ತಡೆದು ಮೆಲ್ಲಗೆ ಇಳಿಸಲು’ ಎಂದು ಮಗು ಬರೆದರೆ ಕಲಿಕಾಫಲ ಸಿದ್ಧಿಸಿದಂತೆ.