ಹೊಳಿ ರೀಲ್ಸ್‌ನ್ಯಾಗ ಇತ್ತು, ಮೋಟಾರ್ ನೀರಾಗ ಇತ್ತು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲಿಂದ ಕೇಳಾಕತ್ತೀರೋ ಅಲ್ಲಿಂದನ ಕೇಳ್ರಿ. ಗಾಡಿ ಹೊಡಕೋತ ಕೇಳಾಕತ್ತಿದ್ರ ಮಾತ್ರ ಮೊದಲು ಬದಿಗೆ ನಿಲ್ಲಸ್ರಿ. ಇವತ್ತಿನ ವಿಷಯ ಫೋನು. ಫೋನ್ ಬಿಡ್ರಿ ಅಂತ ಹೇಳಾಕ ಬಂದಿಲ್ಲ. ನನ್ನ ಧ್ವನಿ ನಿಮಗ ಕೇಳೂದ ಫೋನಿನ್ಯಾಗ, ಹಂಗ ಹೇಳಿದ್ರ ನನ್ನ ಅಂಗಡಿಗೆ ನಾನ ಬೀಗ ಹಾಕಿದಂಗ.

ಒಂದು ಕಥೆಯಿಂದ ಶುರು ಮಾಡ್ತೀನಿ. ನಂದೇ ಕಥೆ, ತಪ್ಪೂ ನಂದೇ.

2024ರ ಜುಲೈ ಕೊನೆಯ ವಾರ. ಕೃಷ್ಣಾ, ದೂಧಗಂಗಾ, ವೇದಗಂಗಾ ಮೂರೂ ಏರಿದ್ದವು. ಕಲ್ಲೋಳ-ಯಡೂರ ಬ್ಯಾರೇಜು ಪ್ರತಿ ವರ್ಷದಂತೆ ನೀರಿನ ಕೆಳಗೆ. ನಮ್ಮ ಊರು ಕೃಷ್ಣಾ ದಂಡಿಗೆ. ಹೊಳೆ ದಂಡಿಯ ಜಾಕ್‌ವೆಲ್‌ನಲ್ಲಿ ನಮ್ಮದೂ ಕಾಕಾನದೂ ಕೂಡಿ ಒಂದು ಏಳೂವರೆ ಎಚ್.ಪಿ. ಮೋಟಾರ್ ಇದೆ. ನೀರು ಏರಿದಾಗ ಆ ಮೋಟಾರನ್ನ ಬಿಚ್ಚಿ ಮೇಲೆ ತರಬೇಕು. ಹೊಳೆಸಾಲಿನವರಿಗೆ ಇದನ್ನ ಬಿಡಿಸಿ ಹೇಳೋದು ಬೇಕಿಲ್ಲ.

ಅವತ್ತು ಸಂಜೆ ನಾನು ಮನೆಯಲ್ಲೇ ಇದ್ದೆ. ಏನ್ ಮಾಡಾಕತ್ತಿದ್ದೆ ಅಂದ್ರ, ಹೊಳೆ ಏರೋ ರೀಲ್ಸ್ ನೋಡ್ತಾ ಕೂತಿದ್ದೆ. ಡ್ರೋನಿನಿಂದ ತೆಗೆದ ವಿಡಿಯೋ, ಹಿಂದೆ ಸಿನಿಮಾ ಮ್ಯೂಸಿಕ್. ಒಂದು ಮುಗೀತು, ಇನ್ನೊಂದು ಬಂತು. ಅದೇ ಹೊತ್ತಿಗೆ ಜಾಕ್‌ವೆಲ್ ಹತ್ತಿರ ನಿಂತಿದ್ದ ಕಾಕಾ ಫೋನ್ ಹಚ್ಚಿದರೆ ಹತ್ತಲಿಲ್ಲ, ಮಳೆಗೆ ನೆಟ್‌ವರ್ಕ್ ಹೋಗಿತ್ತು. ಹೆಂಗೋ ಒಂದು ವಾಯ್ಸ್ ಮೆಸೇಜ್ ಮನೆಯ ಗ್ರೂಪಿಗೆ ಹೋಯ್ತು: "ನೀರು ಏರಾಕತ್ತೈತಿ, ಇಬ್ಬರು ಬರ್ರಿ, ಮೋಟಾರ್ ತಗೀಬೇಕು." ಆ ಗ್ರೂಪಿನಲ್ಲಿ ನಮ್ಮ ಬೀಗರು ಬಿಜ್ಜರು ಎಲ್ಲಾ ಸೇರಿ 74 ಮಂದಿ. ನಾನು ಅದನ್ನ ಮ್ಯೂಟ್ ಮಾಡಿ ವರ್ಷ ಆಗಿತ್ತು. ಯಾಕಂದ್ರ ಬೆಳಗಾದ್ರ ಸಾಕು ಗುಡ್ ಮಾರ್ನಿಂಗ್ ಹೂವು. ನಮ್ಮದು ಗಡಿ ಸೀಮೆ ನೋಡ್ರಿ, ಒಂದೇ ಫಾರ್ವರ್ಡ್ ಒಮ್ಮೆ ಕನ್ನಡದಾಗ ಬರ್ತದ, ಒಮ್ಮೆ ಮರಾಠಿಯಾಗ.

ಮೆಸೇಜ್ ಬಂದದ್ದು 6:40ಕ್ಕೆ. ನಾನು ಗ್ರೂಪ್ ತೆಗೆದದ್ದು 9:30ಕ್ಕೆ. ಬ್ಯಾಟರಿ ಹಿಡ್ಕೊಂಡು ಅಪ್ಪ, ಅಣ್ಣ, ನಾನು ಓಡಿದೆವು. ಕಾಕಾ ದಂಡಿ ಮೇಲೆ ಕೂತಿದ್ದ, ಜಾಕ್‌ವೆಲ್ ಕಾಣ್ತಾ ಇರಲಿಲ್ಲ. ಕಾಕಾ ಬೈಯ್ಯಲಿಲ್ಲ. "ನಿನಗ ಮೆಸೇಜ್ ಬರಲಿಲ್ಲೇನೋ ತಮ್ಮಾ?" ಅಂದ, ಅಷ್ಟೇ. ಬಂದಿತ್ತು ಅಂತ ಹೆಂಗ ಹೇಳ್ಲಿ? ಮೂರು ತಾಸು ನನ್ನ ಕೈಯಾಗ ಇತ್ತು.

ಹೊಳೆ ಇಳಿದ ಮೇಲೆ ಮೋಟಾರ್ ತೆಗೆಸಿ, ರಿವೈಂಡಿಂಗ್, ಬೇರಿಂಗ್ ಎಲ್ಲಾ ಸೇರಿ ಹನ್ನೊಂದು ಸಾವಿರ ಬಿತ್ತು. ಕಬ್ಬಿಗೆ ನೀರು ತಡವಾದದ್ದು ಬೇರೆ ಲೆಕ್ಕ.

ನಾನು ಬಿ.ಕಾಂ. ಓದಿದವ. ನಷ್ಟ ಆದ್ರ ಮೊದಲು ಕಿರ್ದಿ ತೆಗೆದು ನೋಡಬೇಕು ಅಂತ ಕಲಿಸಿದ್ದಾರೆ. ಫೋನಿನ ಕಿರ್ದಿ ಎಲ್ಲಿರುತ್ತೆ? ಆಂಡ್ರಾಯ್ಡ್ ಇದ್ರೆ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್, ಐಫೋನ್ ಇದ್ರೆ ಸ್ಕ್ರೀನ್ ಟೈಮ್. ಎಷ್ಟು ತಾಸು ನೋಡಿದ್ದೀರಿ, ಎಷ್ಟು ಸಲ ಲಾಕ್ ತೆಗೆದಿದ್ದೀರಿ, ಎಷ್ಟು ನೋಟಿಫಿಕೇಶನ್ ಬಂದವು, ಎಲ್ಲಾ ಅಲ್ಲಿ ಬರೆದಿರುತ್ತೆ. ನನ್ನ ಒಂದು ವಾರದ ಸರಾಸರಿ ದಿನಕ್ಕೆ ನಾಲ್ಕೂವರೆ ತಾಸು. ಗುಣಾಕಾರ ಮಾಡಿ ನೋಡಿ: ವರ್ಷಕ್ಕೆ 1,642 ತಾಸು, ಅಂದ್ರೆ ಹಗಲು ರಾತ್ರಿ ಸೇರಿಸಿ 68 ದಿನ. ಒಂದು ದಿನದ ನೋಟಿಫಿಕೇಶನ್ 340. ಕಾಗದ ಹಿಡ್ಕೊಂಡು ಕೂತು ಅದರಲ್ಲಿ ನನಗೆ ನಿಜವಾಗಿ ಬೇಕಾದದ್ದು ಎಷ್ಟು ಅಂತ ಗೆರೆ ಹಾಕಿದೆ. ಒಂಬತ್ತು.

ಅಂದ್ರೆ ನನ್ನ ತೊಂದರೆ ಫೋನ್ ಜಾಸ್ತಿ ನೋಡೋದು ಒಂದೇ ಅಲ್ಲ. ಬೇಡವಾದ 331ರ ಗದ್ದಲಕ್ಕೆ ಬೇಸತ್ತು ಎಲ್ಲಾದರ ಬಾಯಿ ಮುಚ್ಚಿಸಿದ್ದೆ, ಅದರ ಜೊತೆ ಬೇಕಾದ ಒಂಬತ್ತೂ ಮುಚ್ಚಿ ಹೋಗಿದ್ದವು.

ಇನ್ನು ಅಷ್ಟೊತ್ತು ಯಾಕೆ ಕೂತೆ ಅನ್ನೋದು. ನಿಪ್ಪಾಣಿ ಮಂದಿಗೆ ತಂಬಾಕು, ಬೀಡಿ ಬಗ್ಗೆ ಹೊರಗಿನವರು ಹೇಳಿಕೊಡೋದು ಏನೂ ಇಲ್ಲ. ಆದರೆ ಬೀಡಿ ಕೂಡ ಬೆರಳು ಸುಡೋ ಹೊತ್ತಿಗೆ ಮುಗಿಯುತ್ತೆ. ಪೇಪರಿಗೆ ಕೊನೆ ಪುಟ ಇದೆ. ಧಾರಾವಾಹಿಗೆ "ಮುಂದುವರಿಯುವುದು" ಇದೆ. ಫೋನಿನ ಪುಟಕ್ಕೆ ಕೊನೆ ಇಲ್ಲ. ಬೆರಳು ಎಳೆದಷ್ಟೂ ಕೆಳಗೆ ಹೊಸದು ಬರೋ ಈ ಏರ್ಪಾಡನ್ನ ಏಜಾ ರಾಸ್ಕಿನ್ ಅನ್ನೋ ಅಮೆರಿಕದ ಡಿಸೈನರ್ 2006ರಲ್ಲಿ ಮಾಡಿದ, ಆಮೇಲೆ ಅವನೇ ಅದಕ್ಕೆ ಪಶ್ಚಾತ್ತಾಪ ಪಟ್ಟಿದ್ದಾನೆ. ನಮ್ಮ ದೇಶದಲ್ಲಿ 2020ರ ಜೂನ್ ಕೊನೆಗೆ ಟಿಕ್‌ಟಾಕ್ ಬಂದ್ ಆಯ್ತು, ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ನಡುವೆ ಹದಿನೈದು ದಿನ ಕೂಡ ಪುರುಸೊತ್ತು ಸಿಗಲಿಲ್ಲ.

ಇನ್ನೊಂದು ಕಾರಣ ಮಟಕಾದ್ದು. ಮಟಕಾ ಆಡೋನಿಗೆ ದಿನಾ ನಂಬರ್ ಹತ್ತಿದ್ರೆ ಅದು ಸಂಬಳ, ಬೇಜಾರು ಬರುತ್ತೆ. ಯಾವತ್ತೂ ಹತ್ತದಿದ್ರೆ ಬಿಟ್ಟುಬಿಡ್ತಾನೆ. ನಡುನಡುವೆ, ಯಾವಾಗ ಅಂತ ಗೊತ್ತಿಲ್ಲದ ಹಾಗೆ ಹತ್ತಿದ್ರೆ ಮಾತ್ರ ಬಿಡೋದಿಲ್ಲ. ಬಿ.ಎಫ್. ಸ್ಕಿನ್ನರ್ ಅನ್ನೋ ಮನಃಶಾಸ್ತ್ರಜ್ಞ ಇದನ್ನೇ ಇಲಿ, ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ. ಹತ್ತು ರೀಲ್ಸ್ ಸಪ್ಪೆ, ಹನ್ನೊಂದನೆಯದು ಮಸ್ತ್. ಆ ಹನ್ನೊಂದನೆಯದಕ್ಕಾಗಿ ನಾವು ಕೂತಿರ್ತೀವಿ.

ಹಾಗಾಗಿ "ಮನಸ್ಸು ಗಟ್ಟಿ ಮಾಡ್ಕೋ" ಅನ್ನೋ ಮಾತಿನ ಮೇಲೆ ನನಗೆ ನಂಬಿಕೆ ಹೋಗಿದೆ. ಮೋಟಾರ್ ಮುಳುಗಿದ ಮೇಲೆ ನಾನೂ ಗಟ್ಟಿ ಮಾಡಿದ್ದೆ. ಆರು ದಿನ ಇತ್ತು.

ಉಪಯೋಗಕ್ಕೆ ಬಂದದ್ದು ಪಕ್ಕದ ಸಾಂಗಲಿ ಜಿಲ್ಲೆಯ ಸುದ್ದಿ. ಕಡೇಗಾಂವ ತಾಲ್ಲೂಕಿನ ಮೋಹಿತ್ಯಾಂಚೆ ವಡಗಾಂವ ಅಂತ ಹಳ್ಳಿ. 2022ರಲ್ಲಿ ಅಲ್ಲಿ ಒಂದು ಕಟ್ಟಳೆ ಮಾಡಿದರು. ಸಂಜೆ 7ಕ್ಕೆ ಗುಡಿಯ ಮೇಲಿನ ಸೈರನ್, ನಮ್ಮ ಮಾತಿನ್ಯಾಗ ಭೋಂಗಾ, ಕೂಗುತ್ತೆ. ಟಿವಿ, ಮೊಬೈಲ್ ಬಂದ್. 8:30ಕ್ಕೆ ಮತ್ತೊಮ್ಮೆ ಕೂಗಿದ ಮೇಲೆ ಚಾಲೂ. ಕೊರೊನಾದಾಗ ಆನ್‌ಲೈನ್ ಕ್ಲಾಸು ಅಂತ ಹುಡುಗರ ಕೈಗೆ ಬಂದ ಫೋನು ಸಾಲಿ ಶುರುವಾದರೂ ಕೆಳಗೆ ಇಳಿಯಲಿಲ್ಲ, ಅದಕ್ಕೆ ಈ ಉಪಾಯ. ಮೊದಮೊದಲು ಮಂದಿ ನಕ್ಕರು, ಮನೆಮನೆಗೆ ಹೋಗಿ ಹೇಳಬೇಕಾಯ್ತು. ಅದೇ ಜಿಲ್ಲೆಯ ಅಗ್ರಣ ಧುಳಗಾಂವದಲ್ಲೂ ಇಂಥದ್ದೇ ನಡೀತು. ಅದನ್ನ ನೋಡಿ ನಮ್ಮ ಬೆಳಗಾವಿ ತಾಲ್ಲೂಕಿನ ಹಲಗಾದಲ್ಲಿ 2024ರ ಡಿಸೆಂಬರ್‌ನಿಂದ ಸಂಜೆ 7ರಿಂದ 9, ಸೈರನ್ ಹಾಕಿ, ಟಿವಿ ಮೊಬೈಲ್ ಬಂದ್ ಮಾಡಿ ಹುಡುಗರನ್ನ ಓದಾಕ ಕೂಡ್ರಸೂದು ಶುರುವಾಯ್ತು.

ಭೋಂಗಾ ಯಾಕೆ ಕೆಲಸ ಮಾಡುತ್ತೆ? ಇದು ಪೇಟೆಯ ವಾರದ ರಜೆ ಇದ್ದಂಗ. ಒಬ್ಬನೇ ಅಂಗಡಿ ಮುಚ್ಚಿದ್ರೆ ಅವನ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ, ಅವನಿಗೆ ಮನೆಯಲ್ಲಿ ಕೂತರೂ ಸಮಾಧಾನ ಇಲ್ಲ. ಇಡೀ ಬಜಾರ ಮುಚ್ಚಿದ್ರೆ ಯಾರಿಗೂ ಲುಕ್ಸಾನ್ ಇಲ್ಲ, ಎಲ್ಲಾರೂ ಆರಾಮ ನಿದ್ದಿ ಮಾಡ್ತಾರೆ. ಫೋನೂ ಹಂಗ. ನಾನೊಬ್ಬನೇ ಇಟ್ಟರೆ "ಗ್ರೂಪಿನ್ಯಾಗ ಏನ್ ನಡದೈತೋ" ಅಂತ ಕೈ ತುರಿಸುತ್ತೆ. ಎಲ್ಲಾರೂ ಇಟ್ಟರೆ ಗ್ರೂಪೇ ಮಲಗಿರುತ್ತೆ.

ನಮ್ಮೂರಾಗ ಭೋಂಗಾ ಇಲ್ಲ. ಅವ್ವ ದೇವರ ಮುಂದೆ ದೀಪ ಹಚ್ಚೋ ಹೊತ್ತು ಮಾತ್ರ ಗಡಿಯಾರ ಇದ್ದಂಗ, 7 ಅಂದ್ರ 7. ಅದನ್ನೇ ಭೋಂಗಾ ಮಾಡ್ಕೊಂಡೆವು. ಬಾಗಿಲ ಹತ್ತಿರ ಗೋಡೆಯಲ್ಲಿ ಹಳೇ ಗೂಡು ಇದೆ, ಮೊದಲು ಚಿಮಣಿ ಇಡ್ತಿದ್ದರು. ದೀಪ ಹಚ್ಚಿದ ಕೂಡಲೇ ಎಲ್ಲಾರ ಫೋನ್ ಅದರಾಗ, 8:30ರ ತನಕ. ಅಥಣಿಯಿಂದ ತಂದ ಎಂಟುನೂರು ರೂಪಾಯಿ ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಬರ್ತೀವಿ, ಫೋನನ್ನ ಬಾಗಿಲ ತನಕ ಬಿಡೋದು ದೊಡ್ಡದಲ್ಲ ಅಂದಳು ಆಯಿ. ಆಯಿ ಹತ್ರ ಫೋನ್ ಇಲ್ಲ, ಹೇಳೋದು ಸಸಾರ.

ಮೊದಲ ವಾರ ಕೆಟ್ಟಿತು. ಅಣ್ಣ ಗೂಡಿನಲ್ಲಿ ಕೆಟ್ಟುಹೋದ ಹಳೇ ಫೋನ್ ಇಟ್ಟು ಹೊಸದನ್ನ ಒಯ್ದು ಹಿತ್ತಲಲ್ಲಿ ಕೂತಿದ್ದ. ಕ್ರಿಕೆಟ್ ಮ್ಯಾಚಿನ ದಿನ ಅಪ್ಪನೇ ಕಟ್ಟಳೆ ಮುರಿದರು. ಸರಿ, ಮ್ಯಾಚಿನ ದಿನ ರಜೆ ಅಂತ ಬರೆದುಕೊಂಡೆವು.

ಆದರೆ ವೈನಿ ಎತ್ತಿದ ಮಾತು ಹಗುರ ಇರಲಿಲ್ಲ. ಅವರ ತವರು ರಾಯಬಾಗ ಕಡೆ. "ದಿನಾ ಏಳೂವರೆಗೆ ನಾ ನಮ್ಮವ್ವನ ಜೋಡಿ ಮಾತಾಡ್ತೀನಿ. ಅದು ಬಿಟ್ರ ನನಗ ಹೊತ್ತು ಸಿಗೂದಿಲ್ಲ. ನಿಮ್ಮ ರೀಲ್ಸೂ ನನ್ನ ಅವ್ವನೂ ಒಂದ ಏನು?" ಅಂದರು. ಇಲ್ಲ, ಒಂದಲ್ಲ. ಮನುಷ್ಯರ ಜೋಡಿ ಮಾತಾಡೋದನ್ನ ಕಸದ ಲೆಕ್ಕದಲ್ಲಿ ಸೇರಿಸಿದ್ದು ನನ್ನ ತಪ್ಪು. ಕಟ್ಟಳೆ ತಿದ್ದಿದೆವು: ಕರೆ ಮಾಡಬಹುದು, ತಗೋಬಹುದು, ಗೂಡಿನ ಹತ್ರ ನಿಂತು. ಹಗಲೆಲ್ಲಾ ಮನೆಗೆಲಸ ಮಾಡೋರ ಕೈಯಿಂದ ಫೋನ್ ಕಸಿಯೋ ಮೊದಲು ಅವರು ಅದರಲ್ಲಿ ಏನ್ ಮಾಡ್ತಾರೆ ಅಂತ ಕೇಳ್ರಪಾ.

ಇನ್ನು ಕಸದ ಕೆಲಸ. ಇದು ಒಂದು ಸಲ ಕೂತು ಮಾಡಿದ್ರೆ ಆಯ್ತು, ಅರ್ಧ ತಾಸು ಸಾಕು.

ವಾಟ್ಸಾಪ್‌ನಲ್ಲಿ ಸ್ಟೋರೇಜ್ ಆಂಡ್ ಡೇಟಾ ಅಂತ ಇದೆ, ಅಲ್ಲಿ ಫೋಟೋ, ವಿಡಿಯೋ ತಾನಾಗಿ ಇಳಿಯೋದನ್ನ ಬಂದ್ ಮಾಡಿ. ಅಲ್ಲೇ ಮ್ಯಾನೇಜ್ ಸ್ಟೋರೇಜ್ ಒತ್ತಿದ್ರೆ ಯಾವ ಗ್ರೂಪು ಎಷ್ಟು ಜಾಗ ತಿಂದಿದೆ ಅಂತ ಸಾಲಾಗಿ ತೋರಿಸುತ್ತೆ. 74 ಮಂದಿ ಗ್ರೂಪಿನಿಂದ ಹೊರಗೆ ಬಂದ್ರೆ ಸಿಟ್ಟಾಗ್ತಾರೆ, ಬರಬೇಡಿ. ಮ್ಯೂಟ್ ಮಾಡಿ ಆರ್ಕೈವ್‌ನಲ್ಲಿ ಹಾಕಿ, ವಾರಕ್ಕೊಮ್ಮೆ ನೋಡಿ. ಆಮೇಲೆ ಬೇಕಾದದ್ದಕ್ಕೆ ಒಂದು ಸಣ್ಣ ಗ್ರೂಪ್ ಮಾಡಿ. ನಮ್ಮದರ ಹೆಸರು "ಮೋಟಾರ್". ಅಪ್ಪ, ಅಣ್ಣ, ಕಾಕಾ, ನಾನು, ನಾಲ್ಕೇ ಮಂದಿ. ಹೊಳೆ, ಕರೆಂಟು, ಕಬ್ಬಿನ ಗ್ಯಾಂಗು, ಈ ಮೂರು ಬಿಟ್ಟು ಬೇರೆ ಮಾತು ಇಲ್ಲ. ಕಾಕಾ ಒಮ್ಮೆ ಹಬ್ಬದ ಶುಭಾಶಯ ಹಾಕಿ ಬೈಸಿಕೊಂಡ. ಆ ಗ್ರೂಪಿಗೆ ಬೇರೆ ಯಾವುದಕ್ಕೂ ಇಲ್ಲದ ಜೋರು ಟೋನ್ ಇಟ್ಟೀವಿ.

ರಾತ್ರಿ ವಿಷಯ. "ಫೋನ್ ಬಂದ್ ಮಾಡಿ ಮಲ್ಕೊಳ್ಳಿ" ಅನ್ನೋ ಸಲಹೆ ಬೆಂಗಳೂರಿನ ಫ್ಲ್ಯಾಟಿಗೆ ಸರಿ. ರಾತ್ರಿ ಯಾವಾಗಲೋ ತ್ರೀ ಫೇಸ್ ಕೊಟ್ಟರೆ ಮೊಬೈಲ್ ಸ್ಟಾರ್ಟರ್‌ನಿಂದ ಮೋಟಾರ್ ಚಾಲೂ ಮಾಡೋ ಮನೆಗೆ ಆಗೋದಿಲ್ಲ. ನಮಗೆ ಡು ನಾಟ್ ಡಿಸ್ಟರ್ಬ್ ಒಳ್ಳೇದು. ಸ್ಟಾರ್ ಹಾಕಿದ ನಂಬರುಗಳ ಕರೆ ಮಾತ್ರ ಬಿಡಿ ಅಂತ ಅದಕ್ಕೆ ಹೇಳಬಹುದು. ಸ್ಟಾರ್ಟರ್‌ನಲ್ಲಿ ಹಾಕಿದ ಸಿಮ್ ನಂಬರಿಗೂ ಸ್ಟಾರ್ ಹಾಕಿ. ಬೇರೆ ನಂಬರಿನಿಂದ ಯಾರಾದರೂ ಅವಸರಕ್ಕೆ ಎರಡೆರಡು ಸಲ ಹಚ್ಚಿದ್ರೆ ಎರಡನೇ ಸಲ ಬಾರಿಸೋ ಹಂಗೂ ಇಡಬಹುದು. ಫೋನ್ ದಿಂಬಿನ ಕೆಳಗೆ ಬೇಡ, ಎದ್ದು ನಾಲ್ಕು ಹೆಜ್ಜೆ ಹೋಗುವಷ್ಟು ದೂರ ಇರಲಿ. ಬೆಳಗಿನ ಅಲಾರಮ್ಮಿಗೆ ಗಡಿಯಾರ ಬೇರೆ ತಗೊಳ್ಳಿ. ಅಲಾರಂ ಬಂದ್ ಮಾಡಾಕ ಹೋದ ಕೈ ಹಾಸಿಗೆಯಲ್ಲೇ ಇಪ್ಪತ್ತು ಮಿನಿಟು ರೀಲ್ಸ್ ನೋಡಿ ಏಳುತ್ತೆ, ನಂದಂತೂ.

ಒಂದು ಮಾತು ಸ್ವಲ್ಪ ಗಂಭೀರ. ನಿದ್ದೆ ಹೋಗಿದೆ, ಕೆಲಸ ಕೆಡ್ತಾ ಇದೆ, ಮನೆಯವರಿಗೆ ಸುಳ್ಳು ಹೇಳಿ ಆಡೋ ಮಟ್ಟಕ್ಕೆ ಬಂದಿದೆ ಅಂದ್ರೆ ಅದಕ್ಕೆ ಗೂಡು ಸಾಲೋದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೇ ಅಂತ ಶಟ್ ಕ್ಲಿನಿಕ್ ಇದೆ. ಅಷ್ಟು ದೂರ ಆಗದಿದ್ರೆ ಟೆಲಿ-ಮಾನಸ್, 14416. ಸರ್ಕಾರದ್ದು, ಪುಕ್ಕಟೆ, ಕನ್ನಡದಲ್ಲಿ ಮಾತಾಡ್ತಾರೆ. ನಾಚಿಕೆ ಪಡೋದು ಏನಿಲ್ಲ.

ಈಗ ನನ್ನ ಲೆಕ್ಕ ದಿನಕ್ಕೆ ಎರಡು ತಾಸು ಐವತ್ತು ಮಿನಿಟು. ಪೂರ್ತಿ ಸುಧಾರಿಸಿಲ್ಲ. ಆ ಒಂದೂವರೆ ತಾಸಿನಲ್ಲಿ ನಾವೇನೂ ಧ್ಯಾನ ಮಾಡೋದಿಲ್ಲ. ಅಣ್ಣನ ಮಗಳು ಮಗ್ಗಿ ಹೇಳ್ತಾಳೆ, ಅಪ್ಪ ತಪ್ಪು ತಿದ್ದಾಕ ಹೋಗಿ ತಾವೇ ತಪ್ಪತಾರ. ಕೆಲವು ಸಲ ಸುಮ್ಮನೆ ಕೂತಿರ್ತೀವಿ, ಬೇಜಾರೂ ಬರುತ್ತೆ. ಬೇಜಾರಾದಾಗ ಹೊಳೆ ತನಕ ನಡೆದು ಹೋಗಿ ಬರ್ತೀನಿ.

ಹೋದ ಮಳೆಗಾಲದಾಗ ಒಂದಿನ, ದೀಪ ಹಚ್ಚಿ ಇನ್ನೂ ಮುಕ್ಕಾಲು ತಾಸು ಆಗಿರಲಿಲ್ಲ, ಗೂಡಿನಾಗ ನಾಲ್ಕು ಫೋನು ಸುಮ್ಮನಿದ್ದವು. ಒಮ್ಮಿಂದೊಮ್ಮೆಲೆ ಆ ಜೋರು ಟೋನ್ ಬಾರಿಸಿತು. ಬೇರೆ ಟೋನ್ ಆಗಿದ್ರೆ ಯಾರೂ ಏಳ್ತಿರಲಿಲ್ಲ. ಅಣ್ಣ, ನಾನು ಗಾಡಿ ತಗೊಂಡು ಹೋಗೋ ಹೊತ್ತಿಗೆ ನೀರು ಇನ್ನೂ ನಾಲ್ಕು ಪಾವಟಿಗೆ ಕೆಳಗಿತ್ತು. ಬೋಲ್ಟ್ ಬಿಚ್ಚಿ, ಹಗ್ಗ ಹಾಕಿ, ಮೂವರೂ ಕೂಡಿ ಮೋಟಾರ್ ಎಳೆದು ಮೇಲಿನ ದಿನ್ನೆಯ ಬೇವಿನ ಮರದ ಬುಡಕ್ಕೆ ತಂದು ಕಟ್ಟಿದೆವು. ಕಾಕಾ ಟವೆಲ್‌ನಿಂದ ಮುಖ ಒರಸ್ಕೊಂಡು, ಕತ್ತಲಾಗ ಹೊಳೆ ಕಡೆ ನೋಡಿ ಅಂದ: "ಹಾಂ, ಈಗ ತಗೀ ತಮ್ಮಾ ನಿನ್ನ ರೀಲ್ಸ್."