ಯಾರ್ಕ್: ಒಂದು ಹೆಸರಿನ ಅವತಾರಗಳು

ಊರ ಹೆಸರಿಗೆ ಅರ್ಥವಿರಲೇಬೇಕೆಂಬುದು ಮನುಷ್ಯನ ಹಳೆಯ ಹಟ. ಇದ್ದ ಅರ್ಥ ಮರೆತುಹೋದರೆ ಹೊಸದೊಂದನ್ನು ಕಟ್ಟಿಯಾದರೂ ಸಮಾಧಾನಪಡುತ್ತಾನೆ. ಇಂಗ್ಲೆಂಡಿನ ಯಾರ್ಕ್ ನಗರ ಇದಕ್ಕೊಂದು ಸೊಗಸಾದ ನಿದರ್ಶನ.

ಕ್ರಿ.ಶ. 71ರ ಸುಮಾರಿಗೆ ರೋಮನ್ನರು ಊಸ್ ನದಿಯ ದಡದಲ್ಲಿ ದಂಡಿನ ಕೋಟೆ ಕಟ್ಟಿ ಅದನ್ನು ಎಬೊರಾಕುಮ್ ಎಂದು ಕರೆದರು. ಹೆಸರಿನ ಉಡುಪು ಲ್ಯಾಟಿನ್, ಮೈ ಮಾತ್ರ ಕೆಲ್ಟಿಕ್. ಆ ನಾಡಿನ ಹಿಂದಿನ ಭಾಷೆಯಲ್ಲಿ ‘ಎಬುರೋಸ್’ ಎಂದರೆ ಯೂ ಎಂಬ ಮರ. ಆದುದರಿಂದ ಇದು ಯೂ ಮರಗಳ ಠಾವು ಎಂಬುದು ಬಹುಮಂದಿ ವಿದ್ವಾಂಸರ ಮತ. ಎಬುರೋಸ್ ಒಬ್ಬ ವ್ಯಕ್ತಿಯ ಹೆಸರು, ಇದು ಅವನ ಹೊಲಮನೆ ಎನ್ನುವವರೂ ಉಂಟು.

ರೋಮನ್ನರು ಹೊರಟುಹೋದ ಮೇಲೆ ಬಂದ ಆಂಗ್ಲರಿಗೆ ಮರದ ಸಂಗತಿ ತಿಳಿಯದು. ‘ಎಬೊರ್’ ಎಂಬುದು ಅವರ ಕಿವಿಗೆ ತಮ್ಮದೇ ‘ಎಒಫೊರ್’ನಂತೆ ಕೇಳಿಸಿತು, ಹಾಗೆಂದರೆ ಕಾಡುಹಂದಿ. ಅದಕ್ಕೆ ನೆಲೆ, ಪೇಟೆ ಎಂಬರ್ಥದ ‘ವಿಕ್’ ಸೇರಿ ಎಒಫೊರ್‌ವಿಕ್ ಆಯಿತು. ಮರ ಹಂದಿಯಾಯಿತು! ಕೇಶಿರಾಜನ ಅಪಭ್ರಂಶ ಪ್ರಕರಣವನ್ನು ಪಾಠಮಾಡುವಾಗ, ಧ್ವನಿ ಸವೆದರೂ ಅರ್ಥ ಉಳಿಯುವುದನ್ನು ವಿದ್ಯಾರ್ಥಿಗಳಿಗೆ ತೋರಿಸುತ್ತೇನೆ. ಇಲ್ಲಿ ಎಲ್ಲವೂ ತಲೆಕೆಳಗು. ಧ್ವನಿ ಬಹುಮಟ್ಟಿಗೆ ಉಳಿದಿದೆ, ಅರ್ಥವೇ ಹಾರಿಹೋಗಿದೆ.

866ರಲ್ಲಿ ಡೇನರು ನಗರವನ್ನು ಗೆದ್ದರು. ಅವರ ನಾಲಗೆಯಲ್ಲಿ ಹೆಸರು ಯೋರ್ವಿಕ್. ಆ ನುಡಿಯಲ್ಲಿ ‘ಯೋರ್’ ಎಂದರೆ ಕುದುರೆ, ‘ವೀಕ್’ ಎಂದರೆ ಕೊಲ್ಲಿ. ಬಿಡಿಸಿ ಹೇಳಿದರೆ ಕುದುರೆಕೊಲ್ಲಿ. ಕಡಲೋ ಅಲ್ಲಿಂದ ಬಹುದೂರ! ಹೆಸರಿಟ್ಟವರು ಅದನ್ನು ಉದ್ದೇಶಿಸಿದ್ದರೆಂದು ನಾನು ನಂಬಲಾರೆ. ಅನ್ಯರ ಶಬ್ದವನ್ನು ತಮ್ಮ ಬಾಯಿಗೆ ಒಗ್ಗಿಸಿಕೊಂಡರು, ಅಷ್ಟೆ. ಬಿಡಿಸಿದ್ದಕ್ಕೆಲ್ಲ ಅರ್ಥ ಅಂಟಿಸುವ ಚಪಲ ನಮ್ಮಂಥ ಪಂಡಿತರದು.

ಡೇನರ ಗುರುತು ಬೀದಿಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಯಾರ್ಕಿನ ಬೀದಿಯ ಹೆಸರುಗಳಲ್ಲಿ ಬರುವ ‘ಗೇಟ್’ ಬಾಗಿಲಲ್ಲ. ಬೀದಿ ಎಂಬರ್ಥದ ಅವರ ‘ಗಾತಾ’. ಕೋಟೆಬಾಗಿಲಿಗೆ ಅಲ್ಲಿ ‘ಬಾರ್’ ಎನ್ನುತ್ತಾರೆ. ಕಾಪರ್‌ಗೇಟ್ ಎಂದೊಡನೆ ತಾಮ್ರವನ್ನು ನೆನೆಯುವುದೂ ತಪ್ಪು. ಅದು ಮರದ ಬಟ್ಟಲು ಕಡೆಯುವವರ ಕೇರಿ. 1976ರಿಂದ 1981ರವರೆಗೆ ಅಲ್ಲಿ ಅಗೆದಾಗ, ಬಟ್ಟಲು ಕಡೆದು ಎಸೆದ ಮರದ ತಿರುಳುಗಳೇ ದೊರೆತುವು. ನಿಘಂಟಿನ ಮಾತಿಗೆ ನೆಲ ಸಾಕ್ಷಿ ನುಡಿಯುವುದು ಎಷ್ಟು ಅಪರೂಪ!

ಯೋರ್ವಿಕ್ ಸವೆದು ಸವೆದು ಯಾರ್ಕ್ ಎಂಬ ಒಂದೇ ಉಸಿರಾಯಿತು. 1664ರಲ್ಲಿ ಇಂಗ್ಲಿಷರು ಡಚ್ಚರಿಂದ ನ್ಯೂ ಆಮ್‌ಸ್ಟರ್‌ಡ್ಯಾಮನ್ನು ಕಸಿದುಕೊಂಡು, ಯಾರ್ಕಿನ ಡ್ಯೂಕನ ಗೌರವಾರ್ಥ ನ್ಯೂಯಾರ್ಕ್ ಎಂದು ಕರೆದರು. ಹೆಸರು ಸಾಗರ ದಾಟಿತು. ಇತ್ತ ಯಾರ್ಕಿನ ಆರ್ಚ್‌ಬಿಷಪ್ಪರು ಮಾತ್ರ ಇಂದಿಗೂ ತಮ್ಮ ಹೆಸರಿನ ಮುಂದೆ ‘ಎಬೊರ್’ ಎಂದೇ ರುಜು ಹಾಕುತ್ತಾರೆ.