ಕಮಾನು ಬಂಡಿಯಂತೊಂದು ವ್ಯಾನು

ಜಾತ್ರೆಗೆ ಹೊರಡುವಾಗ ಬಂಡಿಗೆ ಕಮಾನು ಕಟ್ಟಿ, ಹುಲ್ಲು ಹರಡಿ, ಮೇಲೆ ಜಮಖಾನೆ ಹಾಸುತ್ತಿದ್ದುದನ್ನು ಗುಮ್ಮಳಾಪುರದ ಹಿರಿಯರು ಮರೆತಿಲ್ಲ. ಮಂಡಿನೋವಿನ ನಮ್ಮ ತಾಯಿಯವರನ್ನು ಮಾದಪ್ಪನ ಬೆಟ್ಟಕ್ಕೆ ಕರೆದೊಯ್ಯಬೇಕಾದಾಗ ನಾವೂ ಅದೇ ಉಪಾಯವನ್ನು ಹಳೆಯ ಮಾರುತಿ ಆಮ್ನಿಯೊಂದಕ್ಕೆ ಅಳವಡಿಸಿದೆವು.

ಮೊದಲು ಕಣ್ಣಿಗೆ ಬಿದ್ದುದು ಅಗ್ಗದ ಸರಕು ವ್ಯಾನು. ಆದರೆ ಸರಕಿಗೆಂದು ನೋಂದಣಿಯಾದ ವಾಹನದ ಹಿಂಭಾಗದಲ್ಲಿ ಜನರನ್ನು ಒಯ್ಯುವಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಲೂ ಬಾರದು. ಎಲ್ಲೆಯ ಆಚೆ ತಪಾಸಣೆಯಾದರೆ ವೃದ್ಧೆಯನ್ನು ರಸ್ತೆಯಲ್ಲಿ ಇಳಿಸುವುದೇ? ಆ ಆಸೆಯನ್ನು ಬಿಟ್ಟೆವು.

ಆಮ್ನಿಯಲ್ಲಿ ಏನನ್ನೂ ಕೊರೆಯಲಿಲ್ಲ, ಕೀಳಲಿಲ್ಲ. ಅಟ್ಟದ ಮೇಲಿದ್ದ ಹಳೆಯ ಬಾಗಿಲನ್ನು ಬಡಗಿಯಿಂದ ಮೂರು ತುಂಡು ಮಾಡಿಸಿದೆವು. ಖರ್ಚು ಅವನ ಒಂದು ದಿನದ ಕೂಲಿಯಷ್ಟೆ. ಗಾಡಿ ನಿಂತಾಗ ಹಿಂದಿನ ಆಸನದ ಬೆನ್ನನ್ನು ಮಡಿಸಿ, ಹಲಗೆ ಜೋಡಿಸಿ, ಹತ್ತಿಯ ಹಾಸಿಗೆ ಹಾಸುವುದು. ಓಡುವಾಗ ಹಲಗೆಗಳನ್ನು ಹಗ್ಗದಿಂದ ಬಿಗಿಯಲೇಬೇಕು. ಇಲ್ಲವಾದರೆ ಬ್ರೇಕು ಹಾಕಿದೊಡನೆ ಮುಂದಕ್ಕೆ ನುಗ್ಗುತ್ತವೆ. ಕಿಟಕಿಗೆ ಸೊಳ್ಳೆಪರದೆಯೇ ಸಾಕು.

ತಪ್ಪಿದ್ದು ಒಲೆಯ ವಿಷಯದಲ್ಲಿ. ಹನೂರಿನ ಬಳಿ ಮಳೆ ಬಂದಿತೆಂದು ಕಿಟಕಿಗಳನ್ನು ಮುಚ್ಚಿ ಒಳಗೇ ಗ್ಯಾಸ್ ಒಲೆ ಹಚ್ಚಿದೆವು. ಕಾಫಿ ಕಾಯುವಷ್ಟರಲ್ಲಿ ತಾಯಿಯವರಿಗೆ ತಲೆ ಸುತ್ತಿತು. ಗಾಳಿಯಾಡದ ಗೂಡಿನಲ್ಲಿ ಉರಿಯುವ ಒಲೆ ಕಾರ್ಬನ್ ಮಾನಾಕ್ಸೈಡ್ ಬಿಡಬಲ್ಲದು. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಎಷ್ಟು ವರ್ಷ ಈ ಪಾಠವನ್ನು ಮಕ್ಕಳಿಗೆ ಒಪ್ಪಿಸಿದ್ದೆವು! ಸೋರಿದ ಅಡುಗೆ ಅನಿಲವಾದರೋ ಗಾಳಿಗಿಂತ ಭಾರವಾದುದರಿಂದ ವ್ಯಾನಿನ ನೆಲದಲ್ಲಿಯೇ ತಂಗುತ್ತದೆ; ಒಂದು ಕಿಡಿ ಸಾಕು.

ಬಾಗಿಲುಗಳನ್ನೆಲ್ಲ ತೆರೆದು, ತಾಯಿಯವರನ್ನು ಮಳೆಯಲ್ಲಿಯೇ ಕೊಡೆಯಡಿ ಕೂರಿಸಿದೆವು. ಚೇತರಿಸಿಕೊಂಡವರು ಮೊದಲು ಕೇಳಿದ್ದು ಆ ಕಾಫಿಯನ್ನೇ. ಒಲೆ ಅಂದಿನಿಂದ ಮರದ ಕೆಳಗೆ.